ಅಪ್ಪುಗೆಗೆ ಬೆಕ್ಕಿನ ಒಪ್ಪಿಗೆ ಇದೆಯೇ?

ಸಾಕಿದವರು ಬೆಕ್ಕನ್ನು ಎತ್ತಿಕೊಂಡು ಮುದ್ದಾಡಿದರೆ ಅದರ ಮೈಯಲ್ಲಿ ‘ಪ್ರೀತಿಯ ಹಾರ್ಮೋನು’ ಎಂದು ಹೆಸರಾದ ಆಕ್ಸಿಟೋಸಿನ್ ಹೆಚ್ಚುತ್ತದೆ ಎಂಬ ಸುದ್ದಿ 2025ರಲ್ಲಿ ಸಾಕಷ್ಟು ಪ್ರಚಾರ ಪಡೆಯಿತು. ಅದಕ್ಕೂ ಹನ್ನೆರಡು ವರ್ಷ ಹಿಂದೆ, 2013ರಲ್ಲಿ, ಮೈ ನೇವರಿಸಿದರೆ ಬೆಕ್ಕು ಒತ್ತಡಕ್ಕೆ ಒಳಗಾಗುತ್ತದೆ ಎಂಬ ಸುದ್ದಿಯೂ ಅಷ್ಟೇ ಸದ್ದು ಮಾಡಿತ್ತು. ಎರಡನ್ನೂ ಓದಿದವರಿಗೆ ಬೆಕ್ಕನ್ನು ಎತ್ತಿಕೊಳ್ಳಬೇಕೋ ಬಿಡಬೇಕೋ ಎಂಬುದೇ ತಿಳಿಯದಂತಾದರೆ ಅದರಲ್ಲಿ ಓದುಗರ ತಪ್ಪೇನೂ ಇಲ್ಲ. ಎರಡು ಸುದ್ದಿಗಳ ಹಿಂದೆಯೂ ನಿಜವಾದ ಅಧ್ಯಯನಗಳಿದ್ದವು, ಆದರೆ ತಲೆಬರಹಕ್ಕೆ ಒಗ್ಗದ ಭಾಗಗಳು ಎರಡರಲ್ಲೂ ಉದುರಿಹೋಗಿದ್ದವು. ಆ ಭಾಗಗಳನ್ನು ಮತ್ತೆ ಸೇರಿಸಿಕೊಂಡು ಓದಿದರೆ ಎರಡರ ನಡುವೆ ವಿರೋಧವೇ ಉಳಿಯುವುದಿಲ್ಲ. ಮುದ್ದಾಟವನ್ನು ಯಾರು ಆರಂಭಿಸಿದರು, ಅದನ್ನು ಯಾವಾಗ ಬೇಕಾದರೂ ಮುಗಿಸುವ ಅವಕಾಶ ಬೆಕ್ಕಿಗೆ ಇತ್ತೇ ಎಂಬುದರ ಮೇಲೆ ಫಲಿತಾಂಶ ನಿಂತಿದೆ ಎಂದೇ ಎರಡೂ ಸೂಚಿಸುತ್ತವೆ.

## ಎರಡು ಅಧ್ಯಯನಗಳು ಅಳೆದದ್ದು ಏನನ್ನು?

2025ರ ಅಧ್ಯಯನ ‘ಅಪ್ಲೈಡ್ ಅನಿಮಲ್ ಬಿಹೇವಿಯರ್ ಸೈನ್ಸ್’ ಎಂಬ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಸಾಕಿದವರೊಂದಿಗೆ ಬೆಕ್ಕುಗಳು ಬೆಳೆಸಿಕೊಂಡ ನಂಟು ಯಾವ ಬಗೆಯದು ಎಂಬುದನ್ನು ಆಧರಿಸಿ ಸಂಶೋಧಕರು ಅವುಗಳನ್ನು ವಿಂಗಡಿಸಿದರು. ಬಳಿಕ ಮನೆಯ ವಾತಾವರಣದಲ್ಲೇ ಸುಮಾರು 15 ನಿಮಿಷಗಳ ಒಡನಾಟದಿಂದ ಅವುಗಳ ಆಕ್ಸಿಟೋಸಿನ್ ಪ್ರಮಾಣ ಹೇಗೆ ಬದಲಾಗುತ್ತದೆಂದು ನೋಡಿದರು. ಸಾಕಿದವರ ಬಳಿ ನಿರಾತಂಕವಾಗಿರುವ, ತಾವಾಗಿಯೇ ಬಂದು ಮಡಿಲೇರುವ, ತಲೆಯಿಂದ ಒತ್ತುವ ಬೆಕ್ಕುಗಳಲ್ಲಿ ಅದು ಏರಿತು. ಜನರಿಂದ ದೂರವಿರಲು ಬಯಸುವ ಬೆಕ್ಕುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆತಂಕದ ನಂಟಿನ ಬೆಕ್ಕುಗಳಲ್ಲಿ ಮೊದಲೇ ಹೆಚ್ಚಾಗಿದ್ದ ಪ್ರಮಾಣ ಒಡನಾಟದ ನಂತರ ಇಳಿಯಿತು. ಸುದ್ದಿಯ ತಲೆಬರಹಗಳಲ್ಲಿ ಉಳಿದದ್ದು ಮೊದಲ ಗುಂಪು ಮಾತ್ರ.

ಇಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಆಕ್ಸಿಟೋಸಿನ್‌ಗೆ ‘ಪ್ರೀತಿಯ ಹಾರ್ಮೋನು’ ಎಂಬ ಹೆಸರು ಅಂಟಿಕೊಂಡಿರುವುದರಿಂದ ಅದು ಏರಿದಾಗಲೆಲ್ಲ ಪ್ರಾಣಿ ಸುಖದಲ್ಲಿದೆ ಎಂದು ಭಾವಿಸಿಕೊಳ್ಳುವುದು ಸುಲಭವಾಗಿದೆ. ಆದರೆ ಆತಂಕದ ಬೆಕ್ಕುಗಳಲ್ಲೇ ಆರಂಭದ ಪ್ರಮಾಣ ಹೆಚ್ಚಿತ್ತು ಎಂಬ ಸಂಗತಿಯೇ ಈ ಸರಳ ಸಮೀಕರಣವನ್ನು ಒಪ್ಪುವುದಿಲ್ಲ. ಹಾರ್ಮೋನಿನ ಪ್ರಮಾಣವನ್ನು ಬೆಕ್ಕಿನ ವರ್ತನೆಯ ಜೊತೆಗಿಟ್ಟು ಓದಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

2013ರ ಅಧ್ಯಯನದ ಮೂಲ ಪ್ರಶ್ನೆ ಮುದ್ದಾಟವೇ ಆಗಿರಲಿಲ್ಲ. ಒಂದೇ ಮನೆಯಲ್ಲಿ ಹಲವು ಬೆಕ್ಕುಗಳಿದ್ದರೆ ಅವುಗಳಿಗೆ ಹೆಚ್ಚು ಒತ್ತಡವಾಗುತ್ತದೆಯೇ ಎಂದು ತಿಳಿಯಲು ಬ್ರೆಜಿಲ್, ಬ್ರಿಟನ್ ಮತ್ತು ಆಸ್ಟ್ರಿಯಾದ ಸಂಶೋಧಕರು ಬೆಕ್ಕುಗಳ ಮಲದಲ್ಲಿ ಒತ್ತಡದ ಹಾರ್ಮೋನುಗಳ ಉಳಿಕೆಯನ್ನು ಅಳೆದಿದ್ದರು. ಜೊತೆಗೆ, ನೇವರಿಸಿದಾಗ ಬೆಕ್ಕು ಹೇಗೆ ವರ್ತಿಸುತ್ತದೆ ಎಂದು ಮನೆಯವರನ್ನೂ ಕೇಳಿದ್ದರು. ನೇವರಿಸುವುದನ್ನು ಇಷ್ಟಪಡುವ ಬೆಕ್ಕುಗಳಿಗಿಂತ, ಇಷ್ಟವಿಲ್ಲವೆಂದು ತೋರಿಸಿಕೊಳ್ಳುವ ಬೆಕ್ಕುಗಳಿಗಿಂತ, ಅದನ್ನು ಸುಮ್ಮನೆ ಸಹಿಸಿಕೊಳ್ಳುತ್ತವೆ ಎಂದು ಮನೆಯವರು ಹೇಳಿದ್ದ ಬೆಕ್ಕುಗಳಲ್ಲಿ ಒತ್ತಡದ ಗುರುತು ಹೆಚ್ಚಾಗಿ ಕಂಡಿತು. ಮೈದಡವಿದರೆ ಬೆಕ್ಕಿಗೆ ಒತ್ತಡ ಎಂಬ ಸುದ್ದಿ ಹರಡಿದ ಮೇಲೆ, ಬಹುಪಾಲು ಬೆಕ್ಕುಗಳು ನೇವರಿಸುವುದನ್ನು ಇಷ್ಟಪಡುತ್ತಿದ್ದವು ಎಂದು ಅಧ್ಯಯನದ ಲೇಖಕರೇ ಸ್ಪಷ್ಟನೆ ಕೊಡಬೇಕಾಯಿತು. ಸ್ಪಷ್ಟನೆಗಳು ಸುದ್ದಿಯಷ್ಟು ದೂರ ಹೋಗುವುದಿಲ್ಲ.

## ಸುಮ್ಮನಿರುವ ಬೆಕ್ಕಿನ ಕಷ್ಟ

ಇಷ್ಟವಿಲ್ಲವೆಂದು ತೋರಿಸುವ ಬೆಕ್ಕಿಗಿಂತ ಸಹಿಸಿಕೊಳ್ಳುವ ಬೆಕ್ಕಿಗೆ ಒತ್ತಡ ಹೆಚ್ಚು ಎಂಬುದು ಮೊದಲ ಓದಿಗೆ ವಿಚಿತ್ರವಾಗಿ ಕಾಣುತ್ತದೆ. ಕಾರಣವನ್ನು ಮನೆಯೊಳಗಿನ ದಿನನಿತ್ಯದ ವರ್ತನೆಯಲ್ಲಿ ಹುಡುಕಬೇಕು. ಪರಚುವ, ಕಚ್ಚುವ, ಕೈಯಿಂದ ಜಿಗಿದು ಓಡುವ ಬೆಕ್ಕು ಮನೆಯವರಿಗೆ ಬೇಗನೆ ಪಾಠ ಕಲಿಸುತ್ತದೆ. ಕೆಲವೇ ದಿನಗಳಲ್ಲಿ ಅದನ್ನು ಎತ್ತಲು ಯಾರೂ ಮುಂದಾಗುವುದಿಲ್ಲ, ಅಂದರೆ ತನಗೆ ಬೇಡವಾದ ಸ್ಪರ್ಶವನ್ನು ಅದು ತನ್ನ ಬದುಕಿನಿಂದಲೇ ತೆಗೆದುಹಾಕಿರುತ್ತದೆ. ಸಹಿಸಿಕೊಳ್ಳುವ ಬೆಕ್ಕಿಗೆ ಆ ರಕ್ಷಣೆ ಸಿಗುವುದಿಲ್ಲ. ಅದು ಪ್ರತಿಭಟಿಸದ ಕಾರಣ ಮನೆಯವರು ಮತ್ತೆ ಮತ್ತೆ ಎತ್ತುತ್ತಾರೆ, ಎತ್ತಿದಾಗ ಅದು ಮೈ ಬಿಗಿಹಿಡಿದು ಕಾಯುತ್ತದೆ, ಆ ನಿಶ್ಚಲತೆಯನ್ನೇ ಮನೆಯವರು ನೆಮ್ಮದಿಯೆಂದು ಓದಿಕೊಂಡು ಇನ್ನಷ್ಟು ಹೊತ್ತು ಹಿಡಿದುಕೊಳ್ಳುತ್ತಾರೆ. ಪ್ರಾಣಿಯ ಒತ್ತಡವನ್ನು ಅಧ್ಯಯನ ಮಾಡುವವರು ಬಹುಕಾಲದಿಂದ ಹೇಳುತ್ತಿರುವ ಮಾತು ಇಲ್ಲಿಗೂ ಅನ್ವಯಿಸುತ್ತದೆ: ಅಹಿತಕರ ಅನುಭವ ಎಷ್ಟು ತೀವ್ರವಾಗಿದೆ ಎಂಬುದರಷ್ಟೇ, ಅದನ್ನು ನಿಲ್ಲಿಸುವ ದಾರಿ ಪ್ರಾಣಿಗೆ ಇದೆಯೇ ಎಂಬುದೂ ಒತ್ತಡವನ್ನು ನಿರ್ಧರಿಸುತ್ತದೆ. ಬೆಕ್ಕಿಗೆ ಆಟ ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕೇ ಇಲಿಯ ಜಾಗಕ್ಕೆ ಬರುವ ಸಂದರ್ಭವಿದು.

## ನೆಲ ಬಿಟ್ಟ ನಾಲ್ಕು ಕಾಲು

ಮುದ್ದಾಡುವುದು ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಕನಿಷ್ಠ ಮೂರು ಬೇರೆ ಬೇರೆ ಕ್ರಿಯೆಗಳಿವೆ. ಬೆಕ್ಕು ಇದ್ದಲ್ಲೇ ಅದನ್ನು ನೇವರಿಸುವುದು ಒಂದು, ನೆಲದಿಂದ ಮೇಲೆತ್ತುವುದು ಇನ್ನೊಂದು, ಎದೆಗೆ ಒತ್ತಿ ಅಲುಗದಂತೆ ಹಿಡಿಯುವುದು ಮತ್ತೊಂದು. ಒಂದನ್ನು ಒಪ್ಪಿದ ಬೆಕ್ಕು ಉಳಿದವನ್ನೂ ಒಪ್ಪಬೇಕೆಂದಿಲ್ಲ. ಸಾರ್ವಜನಿಕ ಚರ್ಚೆಯ ಅರ್ಧ ಗೊಂದಲ ಈ ಮೂರನ್ನು ಬೆರೆಸುವುದರಿಂದಲೇ ಹುಟ್ಟಿದೆ ಎಂದರೆ ಹೆಚ್ಚಾಗಲಾರದು.

ನೇವರಿಸುವಿಕೆಗೆ ಬೆಕ್ಕಿನ ಚರ್ಮದಲ್ಲೇ ತಕ್ಕ ವ್ಯವಸ್ಥೆ ಇದೆ. ಹಗುರವಾದ, ನಿಧಾನವಾದ ಸ್ಪರ್ಶಕ್ಕೆ ಸ್ಪಂದಿಸುವ ಸೂಕ್ಷ್ಮ ನರತಂತುಗಳನ್ನು ಸ್ವೀಡನ್ನಿನ ಶರೀರವಿಜ್ಞಾನಿ ಇಂಗ್ವೆ ಜೊಟರ್‌ಮನ್ 1939ರಲ್ಲಿ ಮೊದಲು ವರದಿ ಮಾಡಿದ್ದು ಬೆಕ್ಕಿನ ಮೇಲಿನ ಪ್ರಯೋಗಗಳಿಂದಲೇ. ಸ್ನೇಹದಲ್ಲಿರುವ ಎರಡು ಬೆಕ್ಕುಗಳು ಪರಸ್ಪರ ನೆಕ್ಕುತ್ತವೆ, ಮೈ ಉಜ್ಜುತ್ತವೆ, ಅಂಟಿಕೊಂಡು ಮಲಗುತ್ತವೆ. ಹಾಗಾಗಿ ಬೆಕ್ಕು ಸ್ಪರ್ಶವನ್ನೇ ಒಲ್ಲದ ಪ್ರಾಣಿ ಎಂಬ ಮಾತಿಗೆ ಆಧಾರವಿಲ್ಲ.

ಎತ್ತುವ ಕತೆ ಬೇರೆ. ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು ಎಂಬುದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದಿಂದ ದೃಢಪಟ್ಟಿದೆ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕಿನ ಅಸ್ಥಿ ಸಿಕ್ಕ ಸಮಾಧಿ ಸುಮಾರು 9,500 ವರ್ಷ ಹಳೆಯದು. ಇಷ್ಟು ದೀರ್ಘಕಾಲದ ಒಡನಾಟವಿದ್ದರೂ ಬೆಕ್ಕಿನ ಮೂಲ ಸ್ವಭಾವ ಒಂಟಿಯಾಗಿ ಬೇಟೆಯಾಡುವ ಸಣ್ಣ ಪ್ರಾಣಿಯದ್ದೇ. ಅದು ಇಲಿಗೆ ಬೇಟೆಗಾರನಾದರೂ ತನಗಿಂತ ದೊಡ್ಡ ಪ್ರಾಣಿಗಳಿಗೂ ಹದ್ದಿನಂಥ ಹಕ್ಕಿಗಳಿಗೂ ಆಹಾರವಾಗಬಲ್ಲದು. ಅಪಾಯ ಬಂದಾಗ ಗುಂಪಿನ ನೆರವನ್ನು ನೆಚ್ಚದ ಇಂಥ ಪ್ರಾಣಿಗೆ ಓಡುವುದು, ಅಡಗುವುದು, ಎತ್ತರಕ್ಕೆ ಏರುವುದೇ ರಕ್ಷಣೆ, ಮತ್ತು ಈ ಮೂರಕ್ಕೂ ಕಾಲು ಗಟ್ಟಿ ನೆಲೆಯ ಮೇಲಿರಬೇಕು. ಮೇಲಿನಿಂದ ಬಂದ ಕೈ ಹೊಟ್ಟೆಯ ಸುತ್ತ ಬಿಗಿದು ಎತ್ತಿದಾಗ ಆ ಮೂರೂ ಒಮ್ಮೆಗೇ ಇಲ್ಲವಾಗುತ್ತವೆ.

ನಮಗೆ ಅಪ್ಪುಗೆ ಇಷ್ಟು ಸಹಜವಾಗಿ ಕಾಣುವುದಕ್ಕೂ ವಂಶಪಾರಂಪರ್ಯದ ಕಾರಣವಿದೆ. ಮನುಷ್ಯರೂ ಸೇರಿದಂತೆ ವಾನರ ವರ್ಗದ ಮರಿಗಳು ತಾಯಿಯ ಎದೆಗೆ ಅಂಟಿಕೊಂಡೇ ಬೆಳೆಯುತ್ತವೆ. ಎದೆಗೆ ಎದೆ ಸೇರಿಸುವುದು ನಮಗೆ ಅಭಯ. ವಯಸ್ಕ ಬೆಕ್ಕುಗಳ ಸ್ನೇಹದ ನಡವಳಿಕೆಯಲ್ಲಿ ಬಾಲ ಎತ್ತಿ ಬರುವುದು, ಮೂಗಿಗೆ ಮೂಗು ತಾಗಿಸುವುದು, ಪಕ್ಕಕ್ಕೆ ಒರಗುವುದು ಇವೆ. ಮುಂಗಾಲುಗಳಿಂದ ಬಿಗಿಯಾಗಿ ತಬ್ಬಿ ಹಿಡಿಯುವ ಭಂಗಿ ಕಾಣುವುದು ಹೆಚ್ಚಾಗಿ ಬೇಟೆಯಲ್ಲಿ, ಕಾದಾಟದಲ್ಲಿ ಮತ್ತು ಅವುಗಳ ಅಣಕದಂತಿರುವ ಆಟದಲ್ಲಿ.

ಕುತ್ತಿಗೆಯ ಹಿಂಭಾಗದ ತೊಗಲು ಹಿಡಿದರೆ ಬೆಕ್ಕು ತಣ್ಣಗಾಗುತ್ತದೆ, ತಾಯಿಬೆಕ್ಕೂ ಹಾಗೆಯೇ ಮರಿಯನ್ನು ಎತ್ತುತ್ತದಲ್ಲ ಎಂಬ ವಾದ ಇಲ್ಲಿ ಬರುವುದುಂಟು. ಅಲ್ಲಿ ಒತ್ತಿದಾಗ ಬೆಕ್ಕು ಅಲುಗಾಡದೆ ನಿಲ್ಲುವುದು ನಿಜ. ಆದರೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗುರವಾಗಿ ಹಿಡಿದ ಬೆಕ್ಕುಗಳಿಗೆ ಹೋಲಿಸಿದರೆ ಕುತ್ತಿಗೆಯ ತೊಗಲು ಹಿಡಿದ ಅಥವಾ ಅಲ್ಲಿಗೆ ಕ್ಲಿಪ್ ಹಾಕಿದ ಬೆಕ್ಕುಗಳಲ್ಲಿ ನಕಾರಾತ್ಮಕ ಪ್ರತಿಕ್ರಿಯೆ ಹೆಚ್ಚಿತ್ತು. ಅಲುಗದಿರುವುದು ಬೇರೆ, ನಿರಾಳವಾಗಿರುವುದು ಬೇರೆ. ಬೆಕ್ಕುಗಳ ಚಿಕಿತ್ಸೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಪಶುವೈದ್ಯ ಸಂಘಟನೆಗಳ ಮಾರ್ಗಸೂಚಿಗಳೂ ಈಗ ಈ ಹಿಡಿತ ಬೇಡವೆನ್ನುತ್ತವೆ.

## ಎಲ್ಲಿ ಮುಟ್ಟಿದರೆ ಹಿತ?

ಇದು ಹೆಚ್ಚು ವಿವಾದವಿಲ್ಲದ ಭಾಗ. ಕಣ್ಣು ಮತ್ತು ಕಿವಿಯ ನಡುವಿನ ಜಾಗ, ಕೆನ್ನೆ, ಗದ್ದ ಬಹುಪಾಲು ಬೆಕ್ಕುಗಳಿಗೆ ಹಿತವಾದ ಜಾಗಗಳು. ಬಾಲದ ಬುಡ ಮತ್ತು ಅದರ ಆಸುಪಾಸಿನಲ್ಲಿ ಮುಟ್ಟಿದಾಗ ನಕಾರಾತ್ಮಕ ಪ್ರತಿಕ್ರಿಯೆ ಹೆಚ್ಚು ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆಕ್ಕುಗಳು ಪರಸ್ಪರ ನೆಕ್ಕುವುದೂ ಮುಖ್ಯವಾಗಿ ತಲೆ ಮತ್ತು ಕುತ್ತಿಗೆಯನ್ನೇ, ಅಲ್ಲದೆ ಕೆನ್ನೆ ಗದ್ದಗಳಲ್ಲಿ ವಾಸನೆ ಸೂಸುವ ಗ್ರಂಥಿಗಳೂ ಇವೆ. ಹೊಟ್ಟೆಯ ವಿಷಯದಲ್ಲಿ ಮೋಸ ಹೋಗುವವರು ಬಹಳ. ಬೆಕ್ಕು ಅಂಗಾತ ಹೊರಳಿ ಹೊಟ್ಟೆ ತೋರಿಸುವುದು ಎದುರಿಗಿರುವವರ ಮೇಲಿನ ನಂಬಿಕೆಯ ಗುರುತು, ಮುಟ್ಟಲು ಕೊಟ್ಟ ಆಹ್ವಾನವಲ್ಲ.

## ಮರಿತನದ ಐದು ವಾರಗಳು

ಹಾಗಾದರೆ ಕೆಲವು ಬೆಕ್ಕುಗಳು ಹೆಗಲ ಮೇಲೆ ಗಂಟೆಗಟ್ಟಲೆ ಒರಗಿರುವುದು ಹೇಗೆ? ಉತ್ತರದ ಬಹುಭಾಗ ಬೆಕ್ಕಿನ ಮೊದಲ ಎರಡು ತಿಂಗಳಲ್ಲಿ ಸಿಗುತ್ತದೆ. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಷ್ 1980ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಹಿಡಿದುಕೊಂಡಾಗ ಬೆಕ್ಕು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಒಂದು ಅಳತೆಯಾಗಿತ್ತು. ಮೂರನೆಯ ವಾರದಿಂದಲೇ ಜನರ ಕೈಯಲ್ಲಿ ಬೆಳೆದ ಮರಿಗಳು, ಏಳನೆಯ ವಾರದ ನಂತರ ಮನುಷ್ಯ ಸ್ಪರ್ಶ ಕಂಡ ಮರಿಗಳಿಗಿಂತ ಹೆಚ್ಚು ಹೊತ್ತು ನಿಂತವು. ದಿನಕ್ಕೆ 15 ನಿಮಿಷ ಕೈಗೆತ್ತಿಕೊಂಡ ಮರಿಗಳಿಗಿಂತ 40 ನಿಮಿಷ ಎತ್ತಿಕೊಂಡ ಮರಿಗಳು ಜನರಿಗೆ ಹೆಚ್ಚು ಹೊಂದಿಕೊಂಡವು. ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ಅವಧಿ ಬೆಕ್ಕಿನ ಸಾಮಾಜಿಕ ಕಲಿಕೆಗೆ ಅತಿ ಮುಖ್ಯ ಎಂಬ ತಿಳಿವಳಿಕೆಗೆ ಈ ಪ್ರಯೋಗಗಳೇ ತಳಹದಿ.

ಕಲಿಕೆಯ ಜೊತೆಗೆ ಹುಟ್ಟಿನ ಪಾಲೂ ಇದೆ. ಸಾಂಡ್ರಾ ಮೆಕ್‌ಕ್ಯೂನ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ನೇಹಶೀಲ ಗಂಡುಬೆಕ್ಕಿಗೆ ಹುಟ್ಟಿದ ಮರಿಗಳು ಅಪರಿಚಿತರನ್ನು ಮತ್ತು ಹೊಸ ವಸ್ತುಗಳನ್ನು ಹೆಚ್ಚು ಧೈರ್ಯದಿಂದ ಎದುರಿಸಿದವು. ಗಂಡುಬೆಕ್ಕು ಮರಿಗಳ ಪಾಲನೆಯಲ್ಲಿ ಭಾಗವಹಿಸಿರಲಿಲ್ಲವಾದ್ದರಿಂದ ಈ ವ್ಯತ್ಯಾಸ ನೋಡಿ ಕಲಿತದ್ದಲ್ಲ, ರಕ್ತದಲ್ಲಿ ಬಂದದ್ದು. ಒಂದೇ ಮನೆಯಲ್ಲಿ ಒಂದೇ ರೀತಿ ಸಾಕಿದ ಎರಡು ಬೆಕ್ಕುಗಳಲ್ಲಿ ಒಂದು ಮಡಿಲು ಬಿಡದೆ, ಇನ್ನೊಂದು ಮುಟ್ಟಗೊಡದೆ ಇರುವುದಕ್ಕೆ ಸಾಕಿದವರನ್ನೇ ಹೊಣೆ ಮಾಡುವುದು ಈ ಕಾರಣದಿಂದ ಸರಿಯಲ್ಲ.

## ಮೂರು ನಿಲುವುಗಳು

ಈ ಮಾಹಿತಿಯನ್ನು ಇಟ್ಟುಕೊಂಡು ಜನರು ತಳೆದಿರುವ ನಿಲುವುಗಳು ಸ್ಥೂಲವಾಗಿ ಮೂರು. ದಿನವೂ ಎತ್ತಿಕೊಂಡರೆ ಯಾವ ಬೆಕ್ಕಾದರೂ ಒಗ್ಗಿಕೊಳ್ಳುತ್ತದೆ ಎಂಬುದು ಮೊದಲನೆಯದು. ಕಾರ್ಷ್ ಅವರ ಪ್ರಯೋಗಗಳನ್ನೇ ಇದಕ್ಕೆ ಆಧಾರವಾಗಿ ತೋರಿಸಲಾಗುತ್ತದೆ, ಆದರೆ ಅವು ಮರಿಗಳ ಮೇಲೆ ನಡೆದವು. ಭಯಪಡುವ ವಯಸ್ಕ ಬೆಕ್ಕನ್ನು ಬಿಡದೆ ಹಿಡಿದುಕೊಂಡರೆ ಎರಡು ಪರಿಣಾಮಗಳಲ್ಲಿ ಒಂದು ಆಗಬಹುದು. ಅದು ಕೈ ಕಂಡೊಡನೆ ಓಡುವಷ್ಟು ಸೂಕ್ಷ್ಮವಾಗಬಹುದು, ಇಲ್ಲವೇ ಪ್ರತಿಭಟಿಸಿ ಫಲವಿಲ್ಲವೆಂದು ಸುಮ್ಮನಾಗಿ ಮೇಲೆ ಹೇಳಿದ ಸಹಿಸಿಕೊಳ್ಳುವ ಗುಂಪಿಗೆ ಸೇರಬಹುದು. ಎರಡನೆಯದು ಯಶಸ್ಸಿನಂತೆ ಕಾಣುವುದರಿಂದ ಹೆಚ್ಚು ಮೋಸದ್ದು.

ಬೆಕ್ಕು ಸ್ವತಂತ್ರ ಪ್ರಾಣಿ, ಅದನ್ನು ಎತ್ತಲೇಬಾರದು ಎಂಬುದು ಎರಡನೆಯ ನಿಲುವು. ಇದರಲ್ಲಿ ಕಾಳಜಿಯಿದೆ, ಆದರೆ ಪುರಾವೆಗೆ ಪೂರ್ತಿ ಹೊಂದುವುದಿಲ್ಲ. ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ, ಹೊಸ ಕೋಣೆಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ಬಿಟ್ಟ ಬೆಕ್ಕು ಸಾಕಿದವರು ಮರಳಿದಾಗ ಹೇಗೆ ವರ್ತಿಸುತ್ತದೆ ಎಂದು ಗಮನಿಸಿದರು. ನಂಟಿನ ಬಗೆಯನ್ನು ಗುರುತಿಸಲು ಸಾಧ್ಯವಾದ ಮರಿಗಳಲ್ಲಿ ಸುಮಾರು ಶೇ 64ರಷ್ಟು ಸಾಕಿದವರ ಇರವಿನಿಂದ ಧೈರ್ಯ ಪಡೆದು ಮತ್ತೆ ಸುತ್ತಾಟಕ್ಕೆ ತೊಡಗಿದವು. ವಯಸ್ಕ ಬೆಕ್ಕುಗಳಲ್ಲೂ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೆಕ್ಕು ಮನುಷ್ಯರಿಗೆ ಅಂಟಿಕೊಳ್ಳುವುದಿಲ್ಲ ಎಂಬ ಹಳೆಯ ನಂಬಿಕೆಯನ್ನು ಇದು ಸಡಿಲಿಸಿತು. ಅಲ್ಲದೆ ಔಷಧಿ ಕೊಡುವಾಗ, ಅಪಾಯದಿಂದ ಪಾರುಮಾಡುವಾಗ ಬೆಕ್ಕನ್ನು ಎತ್ತಲೇಬೇಕಾಗುತ್ತದೆ, ಎಂದೂ ಎತ್ತಿಸಿಕೊಳ್ಳದ ಬೆಕ್ಕಿಗೆ ಆಗ ಆಗುವ ಗಾಬರಿ ಸಣ್ಣದಲ್ಲ.

ಆಯ್ಕೆ ಬೆಕ್ಕಿನದಾಗಿರಲಿ ಎನ್ನುವ ಮೂರನೆಯ ನಿಲುವಿನ ಪರವಾಗಿಯೇ ಪುರಾವೆ ಹೆಚ್ಚಿದೆ. ಬೆಕ್ಕು ಆರಂಭಿಸಿದ ಒಡನಾಟ ಮನುಷ್ಯರು ಆರಂಭಿಸಿದ್ದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ ಎಂಬುದನ್ನು ಸ್ವಿಟ್ಜರ್‌ಲೆಂಡಿನಲ್ಲಿ ಡೆನ್ನಿಸ್ ಟರ್ನರ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಹಿಂದೆಯೇ ಗಮನಿಸಿದ್ದರು. ಬ್ರಿಟನ್ನಿನ ಬ್ಯಾಟರ್‌ಸೀ ಪ್ರಾಣಿ ಆಶ್ರಯಧಾಮದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಪರೀಕ್ಷೆಗೆ ಒಡ್ಡಿತು. ಬೆಕ್ಕಿಗೆ ಆಯ್ಕೆ ಬಿಡುವುದು, ಅದರ ವರ್ತನೆಯ ಮೇಲೆ ಗಮನವಿಡುವುದು, ಹಿತವಾದ ಜಾಗದಲ್ಲಷ್ಟೇ ಮುಟ್ಟುವುದು ಎಂಬ ಸರಳ ಸೂಚನೆಗಳನ್ನು ಸಾರ್ವಜನಿಕರಿಗೆ ಕಿರು ತರಬೇತಿಯಲ್ಲಿ ತಿಳಿಸಲಾಯಿತು. ತರಬೇತಿಯ ನಂತರ ಅವೇ ಜನರ ಜೊತೆ ಬೆಕ್ಕುಗಳ ಸ್ನೇಹದ ವರ್ತನೆ ಹೆಚ್ಚಿತು, ಪರಚುವುದು ಕಚ್ಚುವುದು ಕಡಿಮೆಯಾಯಿತು. ಈ ನಿಲುವಿಗೂ ಒಂದು ಬೆಲೆ ಇದೆ: ಕೆಲವು ಬೆಕ್ಕುಗಳು ಆಯ್ಕೆ ಸಿಕ್ಕಾಗ ದೂರವಿರುವುದನ್ನೇ ಆರಿಸಿಕೊಳ್ಳುತ್ತವೆ, ಮತ್ತು ಅದನ್ನು ಸಾಕಿದವರು ಒಪ್ಪಿಕೊಳ್ಳಬೇಕಾಗುತ್ತದೆ.

## ಬಲ್ಲೆವೆಂಬುವರೇ ಎಡವುವ ಜಾಗ

ಬೆಕ್ಕಿಗೆ ಬೇಡವಾಗಿದೆ ಎಂಬುದು ಪರಚುವ ಬಹಳ ಮೊದಲೇ ಅದರ ಮೈಯಲ್ಲಿ ಕಾಣುತ್ತದೆ. ಬಾಲದ ತುದಿ ಚಡಪಡಿಸುತ್ತದೆ, ಕಿವಿಗಳು ಪಕ್ಕಕ್ಕೋ ಹಿಂದಕ್ಕೋ ತಿರುಗುತ್ತವೆ, ಬೆನ್ನಿನ ತೊಗಲು ಅಲೆಯಂತೆ ಅದುರುತ್ತದೆ, ತಲೆ ಕೈಯ ಕಡೆಗೆ ಥಟ್ಟನೆ ಹೊರಳುತ್ತದೆ, ಗಂಟಲಿನಿಂದ ಒಂದೇ ಸಮನೆ ಹೊರಡುತ್ತಿದ್ದ ಮೆಲುವಾದ ಗುರುಗುಟ್ಟುವಿಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎತ್ತಿಕೊಂಡಾಗ ಮುಂಗಾಲನ್ನು ನಮ್ಮ ಎದೆಗೆ ಒತ್ತಿ ದೂರ ತಳ್ಳುವುದೂ ಇದರಲ್ಲೊಂದು. ಏನೂ ಸೂಚನೆಯಿಲ್ಲದೆ ಕಚ್ಚಿತು ಎಂದು ದೂರಲಾಗುವ ಬಹುಪಾಲು ಪ್ರಸಂಗಗಳಲ್ಲಿ ಸೂಚನೆಗಳು ಇದ್ದವು, ಓದಿದವರು ಇರಲಿಲ್ಲ. ಗುರುಗುಟ್ಟುತ್ತಿದೆಯಾದ್ದರಿಂದ ಸಂತೋಷವಾಗಿದೆ ಎಂಬ ತರ್ಕವೂ ಪೂರ್ತಿ ನಂಬಲರ್ಹವಲ್ಲ. ನೋವಿನಲ್ಲಿರುವ, ಹೆದರಿದ ಬೆಕ್ಕೂ ಗುರುಗುಟ್ಟುವುದುಂಟು.

ಅನುಭವಿಗಳು ಇದರಲ್ಲಿ ಮೇಲೆಂದು ಯಾರಾದರೂ ನಿರೀಕ್ಷಿಸಿಯಾರು. ಆದರೆ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಲಾರೆನ್ ಫಿಂಕಾ ಮತ್ತು ಸಹೋದ್ಯೋಗಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಕ್ಕುಗಳ ಬಗ್ಗೆ ತಮಗೆ ಚೆನ್ನಾಗಿ ಗೊತ್ತು ಎಂದುಕೊಂಡವರೇ ಬಾಲದ ಬುಡ, ಹೊಟ್ಟೆಯಂಥ ಹಿತವಲ್ಲದ ಜಾಗಗಳನ್ನು ಹೆಚ್ಚಾಗಿ ಮುಟ್ಟಿದರು. ಹಲವು ಬೆಕ್ಕುಗಳನ್ನು ಸಾಕಿದ್ದವರು ಬೆಕ್ಕಿಗೆ ಆಯ್ಕೆಯ ಅವಕಾಶವನ್ನು ಕಡಿಮೆ ಕೊಟ್ಟರು. ತಮ್ಮ ಮನೆಯ ಸಹನಶೀಲ ಬೆಕ್ಕಿನ ಮೇಲೆ ಬೆಳೆದ ರೂಢಿಯನ್ನು ಎಲ್ಲ ಬೆಕ್ಕುಗಳ ಮೇಲೂ ಪ್ರಯೋಗಿಸುವುದು ಇದಕ್ಕೆ ಕಾರಣವಿರಬಹುದು ಎಂದು ಊಹಿಸಬಹುದು.

## ಮುಂದಿನ ಪರಿಣಾಮಗಳು

ಈ ತಿಳಿವಳಿಕೆಯ ಪರಿಣಾಮ ಮೊದಲು ಕಾಣಿಸುತ್ತಿರುವುದು ಪಶುವೈದ್ಯಾಲಯಗಳಲ್ಲಿ. ಬೆಕ್ಕನ್ನು ಬಿಗಿಯಾಗಿ ಅದುಮಿ ಹಿಡಿಯುವ ಬದಲು, ಅದು ಬಂದ ಪೆಟ್ಟಿಗೆಯ ಮುಚ್ಚಳ ತೆಗೆದು ಅಲ್ಲೇ ಪರೀಕ್ಷಿಸುವ, ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತುವ ಕ್ರಮಗಳಿಗೆ ಈಗ ಹೆಚ್ಚು ಒತ್ತು ಸಿಗುತ್ತಿದೆ. ಹೆದರಿದ ಬೆಕ್ಕಿನ ಹೃದಯಬಡಿತ, ರಕ್ತದೊತ್ತಡ, ರಕ್ತದ ಸಕ್ಕರೆ ಎಲ್ಲವೂ ಏರುವುದರಿಂದ ಹಿಡಿತದ ರೀತಿ ರೋಗನಿರ್ಣಯವನ್ನೂ ದಾರಿ ತಪ್ಪಿಸಬಲ್ಲದು. ಒತ್ತಡ ದೀರ್ಘಕಾಲದ್ದಾದರೆ ಮೂತ್ರಕೋಶದ ಉರಿಯೂತದಂಥ ತೊಂದರೆಗಳಿಗೂ ನಂಟಿದೆ. ಅಂಥ ಬೆಕ್ಕಿನ ಚಿಕಿತ್ಸೆಯಲ್ಲಿ ಮನೆಯ ವಾತಾವರಣದ ಬದಲಾವಣೆ ಔಷಧಿಯಷ್ಟೇ ಮುಖ್ಯವಾಗುತ್ತದೆ.

ಆಶ್ರಯಧಾಮಗಳಲ್ಲಿ ಪರಿಣಾಮ ಇನ್ನೂ ನೇರ. ನೋಡಲು ಬಂದವರು ಎತ್ತಿದಾಗ ಪರಚುವ ಬೆಕ್ಕಿಗೆ ಮನೆ ಸಿಗುವುದು ಕಷ್ಟ, ಸಿಕ್ಕರೂ ಅದು ಮರಳಿ ಬರುವ ಸಂಭವವಿದೆ. ಬಂದವರಿಗೆ ಕೆಲವು ನಿಮಿಷ ತಿಳಿಹೇಳಿದರೂ ಬೆಕ್ಕಿನ ವರ್ತನೆ ಸುಧಾರಿಸುತ್ತದೆ ಎಂಬುದನ್ನು ಬ್ಯಾಟರ್‌ಸೀ ಅಧ್ಯಯನ ತೋರಿಸಿಕೊಟ್ಟಿದೆ. ಮಕ್ಕಳಿರುವ ಮನೆಗಳಿಗೂ ಇದೇ ಅನ್ವಯ, ಏಕೆಂದರೆ ಬೆಕ್ಕಿನ ಹಲ್ಲು ಮೊನಚಾಗಿರುವುದರಿಂದ ಕಚ್ಚಿದ ಗಾಯ ಮೇಲೆ ಸಣ್ಣದಾಗಿ ಕಂಡರೂ ಸೋಂಕನ್ನು ಆಳಕ್ಕೆ ಒಯ್ಯುತ್ತದೆ.

ಎಂದಾದರೂ ಎತ್ತಲೇಬೇಕಾದ ಸಂದರ್ಭಕ್ಕೆ ಬೆಕ್ಕನ್ನು ಸಿದ್ಧಗೊಳಿಸುವ ದಾರಿಯೂ ಆಯ್ಕೆಯ ಮೂಲಕವೇ ಹೋಗುತ್ತದೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳಿಗೆ ಆಸರೆಯಾಗಿಟ್ಟು, ಮೈಯನ್ನು ನಮ್ಮ ಮೈಗೆ ಒರಗಿಸಿಕೊಂಡು ಕೆಲವೇ ಕ್ಷಣ ಎತ್ತಿ, ಅದು ಮಿಸುಕಾಡುವ ಮೊದಲೇ ಇಳಿಸಿ, ಇಷ್ಟದ ತಿನಿಸು ಕೊಡುವ ಕ್ರಮವನ್ನು ನಡವಳಿಕೆ ತಜ್ಞರು ಹೇಳುತ್ತಾರೆ. ಮಿಸುಕಾಡುವ ಮೊದಲೇ ಇಳಿಸುವುದು ಇದರಲ್ಲಿ ಮುಖ್ಯ. ಕೈಯಿಂದ ಬಿಡುಗಡೆ ಸಿಗುವುದು ಖಚಿತವೆಂದು ಬೆಕ್ಕಿಗೆ ಗೊತ್ತಾದಷ್ಟೂ ಅದು ಕೈಯಲ್ಲಿ ನಿಲ್ಲುವ ಹೊತ್ತು ಹೆಚ್ಚುತ್ತದೆ.

ಇನ್ನು, ಹಿಂದೆಲ್ಲ ಎತ್ತಿಸಿಕೊಳ್ಳುತ್ತಿದ್ದ ಬೆಕ್ಕು ಈಗ ಒಲ್ಲೆನೆಂದರೆ ಅದನ್ನು ಸ್ವಭಾವದ ಪ್ರಶ್ನೆಯೆಂದು ಪಕ್ಕಕ್ಕಿಡುವುದು ಅಪಾಯಕರ. ನೂರು ಮುದಿ ಬೆಕ್ಕುಗಳ ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ 12 ವರ್ಷ ದಾಟಿದ ಬೆಕ್ಕುಗಳ ಪೈಕಿ ಶೇ 90ರಷ್ಟರಲ್ಲಿ ಕೀಲು ಸವೆತದ ಗುರುತುಗಳಿದ್ದವು. ನೋವನ್ನು ಬೆಕ್ಕು ಕುಂಟಿ ತೋರಿಸುವುದು ಕಡಿಮೆ. ಎತ್ತುವ ಕೈಯನ್ನು ತಪ್ಪಿಸಿಕೊಳ್ಳುವುದೇ ಅದರ ಮೊದಲ ಗುರುತಾಗಿರಬಹುದು. ಎತ್ತಲು ಬಿಡದ ಮುದಿ ಬೆಕ್ಕು ನೆಲದ ಮೇಲೆ ಕುಳಿತವರ ಮಡಿಲಿಗೆ ಮಾತ್ರ ತಾನಾಗಿ ಬಂದು ಕೂರುತ್ತಿದ್ದರೆ, ಅದಕ್ಕೆ ಬೇಡವಾಗಿರುವುದು ಜನರ ಸಾಮೀಪ್ಯವಲ್ಲ, ಬೆನ್ನು ಮತ್ತು ಸೊಂಟದ ಮೇಲೆ ಬೀಳುವ ಭಾರ ಇರಬಹುದು. ಯಾವ ಭಂಗಿಯಲ್ಲಿ ಒಪ್ಪುತ್ತದೆ, ಯಾವುದರಲ್ಲಿ ಒಪ್ಪುವುದಿಲ್ಲ ಎಂಬ ಈ ವಿವರವನ್ನು ಪಶುವೈದ್ಯರಿಗೆ ಹೇಳಿದರೆ ನೋವಿರುವ ಜಾಗವನ್ನು ಹುಡುಕಲು ಅವರಿಗೆ ಅದು ನೆರವಾಗುತ್ತದೆ.